ಡಾಕ್ಟರರ ಮೊಬೈಲಿನಲ್ಲಿ ಔಷಧ ಕಂಪನಿಗಳಿಗೇನು ಕೆಲಸ?

(ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿಗಳಲ್ಲಿ ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಗಳಲ್ಲಿ ಮಾಡಿದ ಭಾಷಣದ ಸಾರ)

ಮೂಡಲಗಿಯ ದನದ ಸಂತೆಯನ್ನು ನೀವೆಲ್ಲ ಕಂಡವರು. ಎತ್ತು ಮಾರುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ದಲಾಲ. ಕೈಗಳ ಮೇಲೆ ಒಂದು ವಸ್ತ್ರ ಬೀಳುತ್ತದೆ. ವಸ್ತ್ರದ ಕೆಳಗೆ ಬೆರಳುಗಳೇ ಮಾತಾಡುತ್ತವೆ. ಸುತ್ತ ನಿಂತ ನೂರು ಮಂದಿಗೆ ಬೆಲೆ ಏನೆಂಬುದು ತಿಳಿಯುವುದಿಲ್ಲ. ಆದರೂ ಆ ವ್ಯಾಪಾರದಲ್ಲಿ ಒಂದು ನ್ಯಾಯ ಉಂಟು. ಹಣ ಕೊಡುವವನ ಕೈ ವಸ್ತ್ರದ ಒಳಗೇ ಇರುತ್ತದೆ. ತಾನು ಎಷ್ಟು ಕೊಡುತ್ತೇನೆ, ಯಾವುದಕ್ಕೆ ಕೊಡುತ್ತೇನೆ ಎಂಬುದು ಅವನಿಗೆ ಗೊತ್ತು. ಬೇಡವಾದರೆ ಕೈ ಹಿಂದೆಗೆದು ಎದ್ದು ಹೋಗಬಹುದು.

ಔಷಧದ ವ್ಯಾಪಾರದಲ್ಲಿ ಈ ಒಂದು ನ್ಯಾಯವೂ ಇಲ್ಲ. ವಸ್ತ್ರದ ಕೆಳಗೆ ಕಂಪನಿಯ ಕೈ ಉಂಟು, ಡಾಕ್ಟರರ ಕೈ ಉಂಟು. ಹಣ ಕೊಡುವ ರೋಗಿಯ ಕೈ ಮಾತ್ರ ಹೊರಗೆ. ಈಗ ಆ ವಸ್ತ್ರಕ್ಕೆ ಹೊಸ ರೂಪ ಬಂದಿದೆ. ಅದು ಡಾಕ್ಟರರ ಮೊಬೈಲಿನ ಪರದೆ. ಇಂದು ನಾವು ನಿಮ್ಮ ಮುಂದೆ ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು ಈ ವ್ಯಾಪಾರದ ಮೂಲವನ್ನು ತಿಳಿಯೋಣ. ನಮ್ಮ ಪರಿಚಯದ ಒಬ್ಬ ಗಿರಣಿ ಕಾರ್ಮಿಕರು ಮಗನಿಗೆ ಜ್ವರವೆಂದು ರಾತ್ರಿ ಪಾಳಿ ಮುಗಿಸಿ ನೇರ ದವಾಖಾನೆಗೆ ಹೋದರು. ಚೀಟಿಯಲ್ಲಿ ನಾಲ್ಕು ಔಷಧ ಬರೆದಿತ್ತು. ಅಂಗಡಿಗೆ ಹೋಗಿ, "ಇದೇ ಔಷಧ ಕಡಿಮೆ ಬೆಲೆಯದು ಇದ್ದರೆ ಕೊಡಿರಿ" ಎಂದು ಕೇಳಿದರು. ಅಂಗಡಿಯವರು, "ಇದೆ ಯಜಮಾನರೇ, ಆದರೆ ಡಾಕ್ಟರರು ಬರೆದ ಹೆಸರು ಬಿಟ್ಟು ಬೇರೆಯದನ್ನು ಕೊಡಲಿಕ್ಕೆ ನಮಗೆ ಅಧಿಕಾರವಿಲ್ಲ" ಎಂದರು. ಆ ವ್ಯಾಪಾರಿ ಸುಳ್ಳು ಹೇಳಲಿಲ್ಲ. ಡಾಕ್ಟರರ ಚೀಟಿಯ ಮೇಲೆಯೇ ಮಾರಬೇಕಾದ ಔಷಧಗಳಲ್ಲಿ, ಬರೆದ ಹೆಸರಿನ ಬದಲು ಬೇರೆ ಹೆಸರಿನದನ್ನು ಕೊಡಬಾರದೆಂದು ಔಷಧ ನಿಯಮಗಳೇ ಹೇಳುತ್ತವೆ, ಒಳಗಿನ ಮದ್ದು ಒಂದೇ ಆಗಿದ್ದರೂ ಸರಿಯೆ. ಕೊನೆಗೆ ಆ ಕಾರ್ಮಿಕರು ಅರ್ಧ ನಗದು, ಅರ್ಧ ಉದ್ರಿ ಹೇಳಿ ಮನೆಗೆ ಹೋದರು.

ನೋಡಿರಿ, ಅರಿಸುವವರು ಡಾಕ್ಟರರು, ಕೊಡುವವ ರೋಗಿ. ಅಂಗಡಿಕಾರ ನಡುವೆ ಕೈಕಟ್ಟಿ ನಿಂತವ. ಮಾರುಕಟ್ಟೆಯಲ್ಲಿ ಪೈಪೋಟಿಯಿಂದ ಬೆಲೆ ಇಳಿಯುತ್ತದೆ ಎಂದು ಬಂಡವಾಳಶಾಹಿ ಪಂಡಿತರು ಹೇಳುವ ಮಾತು ಇಲ್ಲಿ ನಡೆಯದು. ಇಲ್ಲಿ ಪೈಪೋಟಿ ಇರುವುದು ರೋಗಿಯ ಒಲವಿಗಾಗಿ ಅಲ್ಲ, ಡಾಕ್ಟರರ ಪೆನ್ನಿಗಾಗಿ. ಚೀಟಿಯ ಔಷಧವನ್ನು ಜನರಿಗೆ ನೇರವಾಗಿ ಜಾಹೀರು ಮಾಡಲಿಕ್ಕೆ ಕಾಯಿದೆ ಕಂಪನಿಗಳಿಗೆ ಬಿಡುವುದಿಲ್ಲ. ಆದ್ದರಿಂದ ಕಂಪನಿಗೆ ಇರುವುದು ಒಂದೇ ಬಾಗಿಲು, ಡಾಕ್ಟರರ ಬಾಗಿಲು.

ಆ ಬಾಗಿಲಲ್ಲಿ ಇಷ್ಟು ದಿನ ಯಾರು ನಿಂತಿದ್ದರು? ಕೈಚೀಲ ಹಿಡಿದ ಎಂ.ಆರ್. ದವಾಖಾನೆಯ ಬಾಕಿನ ಮೇಲೆ ನಮ್ಮ ಪಕ್ಕದಲ್ಲೇ ಕುಳಿತಿರುತ್ತಿದ್ದರು. ಅವರು ಒಳಗೆ ಹೋದದ್ದು, ಹೊರಗೆ ಬಂದದ್ದು ನಮಗೆ ಕಾಣುತ್ತಿತ್ತು. ಅವರೂ ಪಗಾರಕ್ಕೆ ದುಡಿಯುವವರು. ಇಷ್ಟು ಮಾರದಿದ್ದರೆ ಕೆಲಸ ಹೋದೀತೆಂಬ ಭಯದಲ್ಲಿ ಊರೂರು ತಿರುಗುವವರು. ಅವರ ಮೇಲೆ ನಮಗೆ ಸಿಟ್ಟಿಲ್ಲ.

ಈಗಿನ ಮಾತೇ ಬೇರೆ. ಜಪಾನಿನಲ್ಲಿ 2000ದಲ್ಲಿ ಎಂ3 ಎಂಬ ಕಂಪನಿ ಹುಟ್ಟಿತು. ಅದರ ಸೇವೆಯೊಂದರ ಹೆಸರು 'ಎಂ.ಆರ್.-ಕುನ್'. ನಮ್ಮಲ್ಲಿ 'ಎಂ.ಆರ್. ತಮ್ಮ' ಎಂದು ಕರೆದ ಹಾಗೆ. ಕೈಚೀಲದ ಮನುಷ್ಯನ ಬದಲು ಕಂಪನಿಯ ಸಂದೇಶ ನೇರವಾಗಿ ಡಾಕ್ಟರರ ಪರದೆಗೆ ಹೋಗುತ್ತದೆ. ಅಮೆರಿಕದಲ್ಲಿ 2006ರಲ್ಲಿ ಸರ್ಮೋ ಎಂಬ ಡಾಕ್ಟರರ ಜಾಲತಾಣ ಬಂದಿತು. ಡಾಕ್ಟರರಿಗೆ ಪ್ರವೇಶ ಪುಕ್ಕಟೆ. ಅವರು ಅಲ್ಲಿ ತಮ್ಮತಮ್ಮಲ್ಲೇ ಆಡುವ ಮಾತನ್ನು ತಿಳಿಯಲಿಕ್ಕೆ ಹೊರಗಿನ ಕಂಪನಿಗಳು ಹಣ ಕೊಡಬೇಕು. 2007ರಲ್ಲಿ ಫೈಜರ್ ಎಂಬ ದೊಡ್ಡ ಔಷಧ ಕಂಪನಿ ಅದರೊಡನೆ ಒಪ್ಪಂದ ಮಾಡಿಕೊಂಡಿತು. ಇನ್ನು ನಮ್ಮ ಬೆಂಗಳೂರಿಗೆ ಬನ್ನಿರಿ. ಡಾಕ್ಟರರು ಕಠಿಣ ರೋಗಗಳ ವಿಷಯ ಹಂಚಿಕೊಂಡು ಚರ್ಚಿಸುವ ಡೈಲಿರೌಂಡ್ಸ್ ಎಂಬ ವೇದಿಕೆ ಅಲ್ಲಿ ಬೆಳೆಯಿತು. 2019ರಲ್ಲಿ ಅದರ ದೊಡ್ಡ ಪಾಲನ್ನು ಕೊಂಡದ್ದು ಅದೇ ಜಪಾನಿನ ಎಂ3. ಇದರಲ್ಲಿ ಯಾರೂ ಅಪರಾಧ ಮಾಡಿದರೆಂದು ನಾವು ಹೇಳುತ್ತಿಲ್ಲ. ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ತೋರಿಸುತ್ತಿದ್ದೇವೆ, ಅಷ್ಟೆ.

ಡಾಕ್ಟರರು ಒಬ್ಬರೊಡನೊಬ್ಬರು ಮಾತಾಡುವುದು ಕೆಟ್ಟದ್ದೇ? ಖಂಡಿತ ಅಲ್ಲ. ಹುಕ್ಕೇರಿಯ ಒಂದು ಹಳ್ಳಿಯಲ್ಲಿ ನಡುರಾತ್ರಿ ಹಾವು ಕಚ್ಚಿದವನನ್ನು ತಂದರೆ, ಅಲ್ಲಿಯ ಡಾಕ್ಟರರು ಬೆಳಗಾವಿಯ ಹಿರಿಯರನ್ನು ವಾಟ್ಸಪ್ಪಿನಲ್ಲಿ ಕೇಳಿ ಜೀವ ಉಳಿಸಬಹುದು. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಎಷ್ಟೋ ಡಾಕ್ಟರರು ಇದೇ ಮೊಬೈಲಿನಿಂದ ಜನರಿಗೆ ತಿಳುವಳಿಕೆ ಕೊಟ್ಟರು, ಆಕ್ಸಿಜನ್ ಎಲ್ಲಿದೆ, ಹಾಸಿಗೆ ಎಲ್ಲಿದೆ ಎಂದು ಹುಡುಕಿಕೊಟ್ಟರು. ಅದಕ್ಕೆ ನಾವು ಕೃತಜ್ಞರು. ನಮ್ಮ ಪ್ರಶ್ನೆ ಒಂದೇ. ಆ ಮಾತುಕತೆಯ ಪಕ್ಕದಲ್ಲಿ, ಗೋಡೆಗೆ ಕಿವಿಗೊಟ್ಟು, ಕಿಸೆಯಲ್ಲಿ ಹಣ ಇಟ್ಟುಕೊಂಡು ನಿಂತವರು ಯಾರು?

ಕಂಪನಿಗೆ ಈ ಮಾತುಕತೆಯಿಂದ ಮೂರು ಲಾಭ. ಒಂದು, ಯಾವ ಔಷಧದ ಬಗ್ಗೆ ಡಾಕ್ಟರರ ಅಭಿಪ್ರಾಯ ಹೇಗಿದೆ ಎಂಬುದು ಕುಳಿತಲ್ಲೇ ತಿಳಿಯುತ್ತದೆ. ಎರಡು, ಯಾರ ಮಾತನ್ನು ಉಳಿದ ಡಾಕ್ಟರರು ಕೇಳುತ್ತಾರೆ ಎಂಬುದು ತಿಳಿಯುತ್ತದೆ. ಅಂಥವರಿಗೆ ಉಪನ್ಯಾಸದ ಗೌರವಧನ, ಪ್ರವಾಸ, ಸನ್ಮಾನ. ಮೂರನೆಯದು ನಮಗೇ ತಟ್ಟುವಂಥದು. ಚೀಟಿಯ ಔಷಧವನ್ನು ಜಾಹೀರು ಮಾಡಬಾರದು, ನಿಜ. ಆದರೆ ರೋಗವನ್ನು ಜಾಹೀರು ಮಾಡಬಹುದಲ್ಲ! ಬಿಳಿ ಕೋಟು ತೊಟ್ಟವರೊಬ್ಬರು ಯೂಟ್ಯೂಬಿನಲ್ಲಿ, "ಕೂದಲು ಉದುರುತ್ತಿದೆಯೇ? ದಣಿವಾಗುತ್ತಿದೆಯೇ? ನಿಮಗೆ ಇಂಥದರ ಕೊರತೆ ಇದ್ದೀತು" ಎನ್ನುತ್ತಾರೆ. ಗಿರಣಿಯಲ್ಲಿ ಎಂಟು ತಾಸು ನಿಂತು ಬಂದವನಿಗೆ ದಣಿವಾಗದೆ ಇನ್ನೇನಾಗಬೇಕು? ಅವನಿಗೆ ಬೇಕಾದದ್ದು ಹೊಟ್ಟೆ ತುಂಬ ಊಟ, ಒಳ್ಳೆಯ ಪಗಾರ, ವಾರದ ರಜೆ. ಅವನ ಕೈಗೆ ಬರುವುದು ಬಣ್ಣದ ಡಬ್ಬಿ. ಆ ಡಾಕ್ಟರರು ಮನಃಪೂರ್ವಕ ಹೇಳಿದರೋ, ಯಾರದೋ ಹಣ ಪಡೆದು ಹೇಳಿದರೋ? ನೋಡುವವನಿಗೆ ತಿಳಿಯುವ ಬಗೆಯೇ ಇಲ್ಲ.

ನಾವು ಸುಮ್ಮನೆ ಸಂಶಯ ಬಿತ್ತುತ್ತಿದ್ದೇವೆಯೇ? ದಾಖಲೆ ನೋಡೋಣ. ಚೆನ್ನೈಯ ಅಪೆಕ್ಸ್ ಲ್ಯಾಬೊರೇಟರೀಸ್ ಎಂಬ ಕಂಪನಿ ಜಿಂಕೋವಿಟ್ ಎಂಬ ತನ್ನ ಸರಕಿನ ಪ್ರಚಾರಕ್ಕೆ ಡಾಕ್ಟರರಿಗೆ ಕೊಟ್ಟದ್ದೇನು? ಬಂಗಾರದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್. ಕೊಟ್ಟದ್ದನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ರಿಯಾಯಿತಿಯನ್ನೂ ಬೇಡಿತು! ಸುಪ್ರೀಂ ಕೋರ್ಟು 2022ರ ಫೆಬ್ರವರಿ 22ರಂದು ಈ ಬೇಡಿಕೆಯನ್ನು ತಳ್ಳಿಹಾಕಿತು. ಡಾಕ್ಟರರು ಪಡೆಯಬಾರದ್ದನ್ನು ಕಂಪನಿ ಕೊಟ್ಟು ಅದರ ಮೇಲೆ ತೆರಿಗೆಯ ಲಾಭ ಪಡೆಯಲಾಗದು ಎಂಬುದು ತೀರ್ಪಿನ ಸಾರ.

ಅದೇ ವರ್ಷದ ಜನವರಿಯಲ್ಲಿ ಮೊಬೈಲುಗಳ ತುಂಬ ಡೋಲೋ-650 ಗುಳಿಗೆಯ ಮೇಲಿನ ನಗೆಚಿತ್ರಗಳು ಹರಿದಾಡಿದ್ದು ನಿಮಗೆ ನೆನಪಿರಬೇಕು. ನಾವೂ ನಕ್ಕೆವು. ಜುಲೈ ತಿಂಗಳಲ್ಲಿ ಅದನ್ನು ತಯಾರಿಸುವ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಮೇಲೆ ಆದಾಯ ತೆರಿಗೆ ಇಲಾಖೆಯ ಶೋಧ ನಡೆಯಿತು. ಆಮೇಲೆ ಕೇಂದ್ರ ನೇರ ತೆರಿಗೆ ಮಂಡಳಿ, ಕಂಪನಿಯ ಹೆಸರು ಹೇಳದೆ, ಪ್ರಚಾರಕ್ಕೆ ಕೊಟ್ಟ ಉಚಿತ ಕೊಡುಗೆಗಳು ಸುಮಾರು 1000 ಕೋಟಿ ರೂಪಾಯಿ ಎಂದು ಅಂದಾಜು ಪ್ರಕಟಿಸಿತು. ಕಂಪನಿ ಇದನ್ನು ಒಪ್ಪಲಿಲ್ಲ. ಕೋವಿಡ್ ಕಾಲದಲ್ಲಿ ಆ ಗುಳಿಗೆಯ ಮಾರಾಟವೇ ಅಷ್ಟಾಗಿಲ್ಲ, ಒಂದೇ ಗುಳಿಗೆಗೆ ಅಷ್ಟು ಖರ್ಚು ಅಸಾಧ್ಯ ಎಂದಿತು. ಮಂಡಳಿ ಹೇಳಿದ್ದು ಒಂದೇ ಗುಳಿಗೆಯ ಲೆಕ್ಕವೂ ಅಲ್ಲ. ಈ ವಾದವನ್ನು ತೀರ್ಮಾನಿಸುವವರು ನಾವಲ್ಲ. ಆದರೆ ಲೆಕ್ಕ ಬಹಿರಂಗವಾಗಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ ಎಂಬುದನ್ನು ಗಮನಿಸಿರಿ.

ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಯಾರು ಗೊತ್ತೇ? ದೊಡ್ಡ ಮನುಷ್ಯರಲ್ಲ. ಎಂ.ಆರ್.ಗಳ ಅಖಿಲ ಭಾರತ ಸಂಘಟನೆಯೇ, ಎಂದರೆ ಕಾರ್ಮಿಕ ಸಂಘವೇ. ಕಂಪನಿಗಳ ಈ ನಡವಳಿಕೆಗೆ ಕಾಯಿದೆಯ ಬಲವುಳ್ಳ ನಿಯಮ ಬೇಕೆಂದು ಅವರು ಕೇಳಿದರು. 2022ರ ಆಗಸ್ಟಿನಲ್ಲಿ ವಿಚಾರಣೆ ನಡೆದಾಗ, ತಮಗೆ ಕೋವಿಡ್ ಆದಾಗಲೂ ಅದೇ ಗುಳಿಗೆ ಹೇಳಿದ್ದರೆಂದು ನ್ಯಾಯಮೂರ್ತಿ ಚಂದ್ರಚೂಡರೇ ನುಡಿದರು. ಯಾರ ಕೈಯಿಂದ ಆ ಕೆಲಸ ಮಾಡಿಸಿದರೋ ಅವರೇ ಎದ್ದು ನಿಂತು ಸತ್ಯ ಹೇಳಿದ್ದಾರೆ. ಕಾರ್ಮಿಕ ಚಳವಳಿಗೆ ಇದಕ್ಕಿಂತ ಹೆಮ್ಮೆ ಬೇರೆ ಬೇಕೇ?

ಸರಕಾರ ಏನು ಮಾಡಿತು? 2009ರಲ್ಲಿ ವೈದ್ಯ ಪರಿಷತ್ತು ಡಾಕ್ಟರರು ಕಂಪನಿಗಳಿಂದ ಉಡುಗೊರೆ, ಪ್ರವಾಸ, ನಗದು ಪಡೆಯಬಾರದೆಂದು ನಿಯಮ ಮಾಡಿತು. ಅದು ಡಾಕ್ಟರರಿಗೆ ಮಾತ್ರ. ಕೊಡುವ ಕಂಪನಿಗೆ ಅಲ್ಲ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ಹೊರಡಿಸಿತು. ಅದರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಡಾಕ್ಟರರ ನಡತೆಯ ವಿಷಯವಿತ್ತು: ಹಣ ಕೊಟ್ಟು ಮೆಚ್ಚುಗೆ, ಹಿಂಬಾಲಕರನ್ನು ಕೊಳ್ಳಬಾರದು, ರೋಗಿಗಳ ಚಿತ್ರ ಹಾಕಬಾರದು, ಜಾಲತಾಣದ ಮೂಲಕ ರೋಗಿಗಳನ್ನು ಸೆಳೆಯಬಾರದು. ಒಳ್ಳೆಯ ಮಾತು. ಆದರೆ ಮೂರೇ ವಾರದಲ್ಲಿ, ಅದೇ ತಿಂಗಳು 23ರಂದು, ಇಡೀ ನಿಯಮವನ್ನೇ ತಡೆಹಿಡಿದು 2002ರ ಹಳೆಯ ನಿಯಮಕ್ಕೆ ಮರಳಿದರು. 2002ರಲ್ಲಿ ವಾಟ್ಸಪ್ ಎಲ್ಲಿತ್ತು, ಯೂಟ್ಯೂಬ್ ಎಲ್ಲಿತ್ತು?

2024ರ ಮಾರ್ಚ್ 12ರಂದು ಔಷಧ ಇಲಾಖೆ ಕಂಪನಿಗಳಿಗಾಗಿ ಏಕರೂಪ ಸಂಹಿತೆ ಪ್ರಕಟಿಸಿತು. ಉಡುಗೊರೆ ಬೇಡ, ವಿದೇಶ ಪ್ರವಾಸ ಬೇಡ ಎಂದು ಅದರಲ್ಲಿದೆ. ಆದರೆ ದೂರನ್ನು ಮೊದಲು ವಿಚಾರಿಸುವವರು ಯಾರು? ಕಂಪನಿಗಳ ಸಂಘದವರೇ ಕಟ್ಟಿದ ಸಮಿತಿ. ಕುರಿ ಕಾಯಲಿಕ್ಕೆ ತೋಳನನ್ನು ಹಚ್ಚಿದ ಹಾಗೆ! ಶಿಕ್ಷೆ ಎಂದರೆ ಛೀಮಾರಿ, ಸಂಘದಿಂದ ಹೊರಹಾಕುವುದು, ಇಂಥವು. 2024ರ ಡಿಸೆಂಬರಿನಲ್ಲಿ ಆ್ಯಬ್‌ವೀ ಎಂಬ ಕಂಪನಿ 30 ಡಾಕ್ಟರರನ್ನು ಸಮ್ಮೇಳನದ ಹೆಸರಿನಲ್ಲಿ ಪ್ಯಾರಿಸ್, ಮೊನಾಕೊಗಳಿಗೆ ಕಳಿಸಿ 1.91 ಕೋಟಿ ರೂಪಾಯಿ ಖರ್ಚು ಮಾಡಿದ್ದು ಸಂಹಿತೆಯ ಉಲ್ಲಂಘನೆಯೆಂದು ಇಲಾಖೆ ಹೇಳಿತು, ಛೀಮಾರಿ ಹಾಕಿತು. ಉದ್ರಿ ಬಾಕಿ ಉಳಿಸಿಕೊಂಡ ಕಿರಾಣಿ ಅಂಗಡಿಯವನಿಗೆ ಬ್ಯಾಂಕು ಛೀಮಾರಿ ಹಾಕಿ ಬಿಡುತ್ತದೆಯೇ?

ಡಾಕ್ಟರರೆಲ್ಲ ಕೆಟ್ಟವರೆಂದು ಯಾರೂ ತಿಳಿಯಬಾರದು. ನಮ್ಮ ಊರುಗಳಲ್ಲಿ ಬಡವರಿಂದ ಕೈಯೊಡ್ಡದ ಡಾಕ್ಟರರು ಇದ್ದಾರೆ, ಕಂಪನಿಯ ಪೆನ್ನನ್ನೂ ಮುಟ್ಟದವರು ಇದ್ದಾರೆ. ಇನ್ನು ಕೆಲವರು ಖಾಸಗಿ ಕಾಲೇಜಿಗೆ ಲಕ್ಷ ಲಕ್ಷ ತೆತ್ತು, ಸಾಲ ಮಾಡಿ ದವಾಖಾನೆ ಕಟ್ಟಿದವರು. ವಿದ್ಯೆಯನ್ನು ಸರಕು ಮಾಡಿದ ವ್ಯವಸ್ಥೆ ಚೀಟಿಯನ್ನೂ ಸರಕು ಮಾಡುತ್ತದೆ. ಪ್ರಾಮಾಣಿಕ ಡಾಕ್ಟರರಿಗೂ ಬೇಕಾದದ್ದು ಲೆಕ್ಕದ ಬೆಳಕು. ಕತ್ತಲಲ್ಲಿ ಎಲ್ಲರ ಮೇಲೂ ಸಂಶಯ ಬೀಳುತ್ತದೆ.

ಹಾಗಾದರೆ ನಾವು ಕೇಳುವುದೇನು?

ಮೊದಲನೆಯದು, ಯಾವ ಕಂಪನಿ ಯಾವ ಡಾಕ್ಟರರಿಗೆ ಎಷ್ಟು ಕೊಟ್ಟಿತು ಎಂಬುದು ಹೆಸರು ಸಹಿತ ಜನರ ಮುಂದೆ ಬರಬೇಕು. ಇದು ಕನಸಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ 2010ರಲ್ಲಿ ಇದಕ್ಕೆ ಕಾಯಿದೆ ಆಯಿತು. 2014ರಿಂದ ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು? ಎರಡನೆಯದು, ಪರದೆಯ ಮೇಲೆ ಔಷಧ, ರೋಗಗಳ ವಿಷಯ ಮಾತಾಡುವ ಡಾಕ್ಟರರು ಯಾರ ಹಣ ಪಡೆದಿದ್ದಾರೆಂದು ಮೊದಲೇ ಹೇಳಬೇಕು. ಡಾಕ್ಟರರ ವೇದಿಕೆಗಳಲ್ಲಿ ಕಂಪನಿ ಕಿವಿಗೊಟ್ಟಿದ್ದರೆ ಅದೂ ತಿಳಿಯಬೇಕು. ಮೂರನೆಯದು, ಸಂಹಿತೆಗೆ ಕಾಯಿದೆಯ ಬಲ ಬರಬೇಕು. ಕೊಟ್ಟವರಿಗೂ ಪಡೆದವರಿಗೂ ಶಿಕ್ಷೆ ಆಗಬೇಕು. ನಾಲ್ಕನೆಯದು, ಔಷಧದ ಮೂಲ ಹೆಸರನ್ನು ಓದಲು ಬರುವ ಅಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ಆದ ನಿಯಮವನ್ನು ನಡೆಸಬೇಕು. ಸರಕಾರಿ ದವಾಖಾನೆಯಲ್ಲಿ ಔಷಧ ಇರಬೇಕು.

ಸರಕಾರ ಕೊಡುವವರೆಗೆ ಕೈಕಟ್ಟಿ ಕೂಡುವುದು ನಮ್ಮ ಸೀಮೆಯ ಗುಣವಲ್ಲ. ಹುಕ್ಕೇರಿ ತಾಲೂಕಿನ ಜನ 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ತಾವೇ ವಿದ್ಯುತ್ತು ಹಂಚಿದವರು. ಘಟಪ್ರಭೆಯಲ್ಲಿ ಸಹಕಾರಿ ಆಸ್ಪತ್ರೆಯೇ ನಿಂತಿದೆ. ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಕೂಡಿ ಮೂಲ ಹೆಸರಿನ ಔಷಧ ಮಾರುವ ಒಂದು ಸಹಕಾರಿ ಅಂಗಡಿ ಕಟ್ಟಲಾರೆವೇ?

ಮನೆಗೆ ಹೋಗುವ ಮುನ್ನ ಒಂದು ಮಾತು. ನಮ್ಮ ಭಾಷಣ ಕೇಳಿ ಯಾರೂ ನಡೆಯುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಬಾರದು. ಅದು ಜೀವಕ್ಕೆ ಅಪಾಯ. ಬದಲಾಗಿ ಡಾಕ್ಟರರ ಮುಂದೆ ಕುಳಿತಾಗ ವಿನಯದಿಂದ ಮೂರು ಮಾತು ಕೇಳಿರಿ: "ಸಾಹೇಬರ, ಈ ಔಷಧದ ಮೂಲ ಹೆಸರೇನು? ಇದೇ ಗುಣದ ಅಗ್ಗದ್ದು ಇದ್ದರೆ ಬರೆದುಕೊಡುವಿರಾ? ಈ ನಾಲ್ಕರಲ್ಲಿ ಬೇಕೇಬೇಕಾದವು ಎಷ್ಟು?" ಒಳ್ಳೆಯ ಡಾಕ್ಟರರು ಸಿಟ್ಟಾಗುವುದಿಲ್ಲ. ಸಿಟ್ಟಾದರೆ, ಅದರಿಂದಲೂ ನಿಮಗೆ ಒಂದು ವಿಷಯ ತಿಳಿಯುತ್ತದೆ.

ಬಂಧುಗಳೇ, ಹಣ ನಮ್ಮದು, ಮೈ ನಮ್ಮದು. ವಸ್ತ್ರ ಸರಿಯಲಿ. ಬೆರಳುಗಳು ಏನು ಮಾತಾಡುತ್ತಿವೆ ಎಂಬುದನ್ನು ಎಲ್ಲರೂ ನೋಡಲಿ.