ಹಳೆಯ ಹಾಡು, ಹೊಸ ಕಂಠ



ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಹುಡುಗನೊಬ್ಬ ಶಿಶುನಾಳ ಶರೀಫರ ಪದವನ್ನು ಗಿಟಾರ್ ಹಿಡಿದು ಹಾಡಿದಾಗ ನಾವು ಹಿರಿಯರು ಹುಬ್ಬು ಗಂಟಿಕ್ಕಿದೆವು. ಸಿ. ಅಶ್ವತ್ಥರ ಧಾಟಿ ಕೆಡಿಸಿದನೆಂದೆವು. ಆದರೆ ಆ ಧಾಟಿಯಾದರೂ ಶರೀಫರದೇ? ಶರೀಫರು ತೀರಿಕೊಂಡದ್ದು 1889ರಲ್ಲಿ. ಅಶ್ವತ್ಥರು ಹುಟ್ಟಿದ್ದು 1939ರಲ್ಲಿ!

ನಾವು ಅನ್ನ ಉಣ್ಣುವ ಈ ಕಲ್ಕತ್ತೆಯಲ್ಲೇ ನಡೆದದ್ದನ್ನು ನೋಡೋಣ. 1975ರಲ್ಲಿ ಗೌತಮ್ ಚಟ್ಟೋಪಾಧ್ಯಾಯರೂ ಗೆಳೆಯರೂ 'ಮೊಹೀನೇರ್ ಘೋಡಾಗುಲಿ' ಎಂಬ ತಂಡ ಕಟ್ಟಿ, ಗಿಟಾರಿನೊಡನೆ ಬಾವುಲರ ಧಾಟಿಯನ್ನು ಬೆರೆಸಿದರು. 1977ರಿಂದ 1979ರೊಳಗೆ ಮೂರು ರೆಕಾರ್ಡು ಬಂದವು. ಕೇಳುವವರು ಕಡಿಮೆ, 1981ರ ಹೊತ್ತಿಗೆ ತಂಡ ಚದುರಿತು. ಗೌತಮರು ಸುಮ್ಮನಿರಲಿಲ್ಲ. 1995ರಲ್ಲಿ ಹೊಸ ಹಾಡುಗಾರರನ್ನು ಕಲೆಹಾಕಿ, ತಂಡದ ಹಾಡುಗಳನ್ನು ಅವರವರ ರೀತಿಯಲ್ಲೇ ಹಾಡಿಸಿ, 'ಆಬಾರ್ ಬೊಛೊರ್ ಕುಡಿ ಪೊರೇ' ಎಂಬ ಕ್ಯಾಸೆಟ್ ತಂದರು. ಮತ್ತೆ ಇಪ್ಪತ್ತು ವರ್ಷದ ಮೇಲೆ, ಎಂದು ಅದರ ಅರ್ಥ. ಅವರು 1999ರಲ್ಲಿ ತೀರಿಕೊಂಡರು. ಹಾಡುಗಳು ಇಂದಿಗೂ ಇಲ್ಲಿಯ ಕಾಲೇಜು ಹುಡುಗರ ಬಾಯಲ್ಲಿವೆ.

ನಮ್ಮ ಹುಡುಗ ಬಂಗಾಳಿ ಶಾಲೆಯಲ್ಲಿ ಓದಿದವನು. ಆದರೂ ಶರೀಫರ ಪದದಲ್ಲಿ ಒಂದಕ್ಷರ ತಪ್ಪಲಿಲ್ಲ. ಅದನ್ನು ನಾವು ಯಾರೂ ಅವನಿಗೆ ಹೇಳಲಿಲ್ಲ. ಈ ಸಲದ ಕಾರ್ಯಕ್ರಮಕ್ಕೆ ಅವನು ಹೆಸರು ಕೊಟ್ಟಿಲ್ಲ. ಬರುವ ಭಾನುವಾರ ಕಾರ್ಯದರ್ಶಿಗಳೊಡನೆ ಅವನ ಮನೆಗೆ ಹೋಗುತ್ತಿದ್ದೇವೆ.