ಬಿ.ಎ. ಅಲ್ಲ, ಜಿ.ಎ.: ಐವರು ವಿದ್ಯಾರ್ಥಿನಿಯರಿಂದ ಶುರುವಾದ ವಿಶ್ವವಿದ್ಯಾಲಯ

ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ಹೋದ ತಿಂಗಳು ಹಾವೇರಿಯಿಂದ ಚಿಕ್ಕಪ್ಪ ಫೋನ್ ಮಾಡಿದ್ರು. ಅವರ ಮಗಳಿಗೆ ಪಿಯುಸಿ ಮುಗಿದಿದೆ, ಒಂದು ಹೊಸ ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುತ್ತಂತೆ. "ನೋಡವ್ವ, ನೀನು ಬಿ.ಕಾಂ. ಓದಿದಾಕಿ, ಬೆಂಗಳೂರಾಗ ಇರಾಕಿ. ಅದು ಖರೇ ಐತೋ ಸುಳ್ಳೈತೋ ನೋಡಿ ಹೇಳು. ಹೊಲದ ಮ್ಯಾಲೆ ಸಾಲ ತಗೀಬೇಕು" ಅಂದ್ರು.

ಖರೇನೋ ಸುಳ್ಳೋ. ಪ್ರಶ್ನೆ ಇಷ್ಟೇ. ಉತ್ತರ ಸುಲಭ ಅಂದ್ಕೊಂಡೆ. ಯುಜಿಸಿ ವೆಬ್‌ಸೈಟ್‌ಗೆ ಹೋದೆ, ಖಾಸಗಿ ವಿಶ್ವವಿದ್ಯಾಲಯಗಳ ಪಟ್ಟಿ ತೆಗೆದೆ, ಹೆಸರು ಇತ್ತು. ಕರ್ನಾಟಕದಲ್ಲಿ ಖಾಸಗಿ ವಿಶ್ವವಿದ್ಯಾಲಯ ಶುರು ಮಾಡಬೇಕಾದ್ರೆ ವಿಧಾನಮಂಡಲದಲ್ಲಿ ಅದಕ್ಕೊಂದು ಕಾಯ್ದೆ ಆಗಬೇಕು. ಆ ಕಾಯ್ದೆಯೂ ಆಗಿತ್ತು. ಅಲ್ಲಿಗೆ ನನ್ನ ಕೆಲಸ ಮುಗೀತು.

ಆದ್ರೆ ಅದೇ ವೆಬ್‌ಸೈಟ್‌ನಲ್ಲಿ ಇನ್ನೊಂದು ಪಟ್ಟಿ ಇದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ. ಯಾವ ಕಾಯ್ದೆಯೂ ಇಲ್ಲದೆ, ತಾವೇ 'ವಿಶ್ವವಿದ್ಯಾಲಯ' ಅಂತ ಬೋರ್ಡ್ ಹಾಕ್ಕೊಂಡು ಪದವಿ ಕೊಡೋರು. ಅದನ್ನ ಓದ್ತಾ ಇದ್ದಾಗ ನನಗೆ ಒಬ್ಬರು ನೆನಪಾದ್ರು. ಅವರಿಗೆ ಭಾರತರತ್ನ ಸಿಕ್ಕಿದೆ. ಆದ್ರೆ ಅವರು ಕಟ್ಟಿದ ವಿಶ್ವವಿದ್ಯಾಲಯವನ್ನ ಇವತ್ತಿನ ನಿಯಮದಲ್ಲಿ ಅಳೆದ್ರೆ 35 ವರ್ಷ ಈ ಎರಡನೇ ಪಟ್ಟಿಯಲ್ಲೇ ಇರ್ತಿತ್ತು.

ಧೋಂಡೋ ಕೇಶವ ಕರ್ವೆ. 1858ರಲ್ಲಿ ಕೊಂಕಣದ ರತ್ನಾಗಿರಿ ಜಿಲ್ಲೆಯಲ್ಲಿ ಹುಟ್ಟಿದವರು. 17ನೇ ವಯಸ್ಸಿನಲ್ಲಿ ಒಂದು ಪರೀಕ್ಷೆ ಬರೆಯೋಕೆ ಮಳೆಗಾಲದಲ್ಲಿ, ಸಹ್ಯಾದ್ರಿ ಘಾಟಿ ದಾಟಿ, ನೂರು ಮೈಲಿಗೂ ಹೆಚ್ಚು ದೂರದ ಸಾತಾರಾಕ್ಕೆ ನಡ್ಕೊಂಡು ಹೋದ್ರು. ಅಲ್ಲಿ ಕಮಿಟಿಯವರು ಮುಖ ನೋಡಿ, ಇವನಿಗೆ 17 ಆದಂತೆ ಕಾಣಲ್ಲ ಅಂತ ವಾಪಸ್ ಕಳಿಸಿದ್ರು. ಆಮೇಲೆ ಹಠ ಹಿಡಿದು ಓದಿ, ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮಾಡಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾದ್ರು.

ಮೊದಲ ಹೆಂಡತಿ ತೀರಿಕೊಂಡ ಮೇಲೆ 1893ರಲ್ಲಿ ಅವರು ಮದುವೆಯಾಗಿದ್ದು ಒಬ್ಬ ವಿಧವೆಯನ್ನ. ಊರಿನೋರು ಸಭೆ ಸೇರಿ ಬಹಿಷ್ಕಾರ ಹಾಕಿದ್ರು. ಮೂರು ವರ್ಷಕ್ಕೆ ವಿಧವೆಯರಿಗಾಗಿ ಆಶ್ರಮ ಶುರು ಮಾಡಿದ್ರು. ಆಮೇಲೆ ಅದು ಪುಣೆಯ ಹೊರಗಿನ ಹಿಂಗಣೆ ಅನ್ನೋ ಹಳ್ಳಿಗೆ ಹೋಯ್ತು. ಕಾಲೇಜಿನಲ್ಲಿ ಪಾಠ ಮುಗಿಸಿ ಕೆಸರು ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಆಶ್ರಮಕ್ಕೆ ಹೋಗೋದು ಅವರ ದಿನಚರಿ.

ಇನ್ನು ವಿಶ್ವವಿದ್ಯಾಲಯದ ವಿಷಯ. ಬನಾರಸ್‌ನಿಂದ ಶಿವಪ್ರಸಾದ ಗುಪ್ತ ಅನ್ನೋರು ಕರ್ವೆಗೆ ಒಂದು ಕಿರುಹೊತ್ತಿಗೆ ಕಳಿಸಿದ್ರು. ಟೋಕಿಯೋದಲ್ಲಿ 1901ರಲ್ಲಿ ಶುರುವಾದ ಜಪಾನ್ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ. ಕರ್ವೆ ಅದನ್ನ ಪಕ್ಕಕ್ಕೆ ಇಟ್ಟುಬಿಟ್ಟಿದ್ರು. ನಮ್ಮ ವಾಟ್ಸ್‌ಆ್ಯಪ್ ಪಿಡಿಎಫ್‌ಗಳ ಗತಿಯೇ! ಆದ್ರೆ 1915ರ ಕೊನೆಗೆ ಮುಂಬೈನಲ್ಲಿ ಸಾಮಾಜಿಕ ಪರಿಷತ್ತಿಗೆ ಅವರನ್ನ ಅಧ್ಯಕ್ಷರನ್ನಾಗಿ ಆರಿಸಿದ್ರು. ಭಾಷಣಕ್ಕೆ ವಿಷಯ ಬೇಕಲ್ಲ, ಆಗ ಆ ಪುಸ್ತಕ ಮತ್ತೆ ಕೈಗೆ ಬಂತು. ಭಾಷಣದಲ್ಲಿ ಮಹಿಳಾ ವಿಶ್ವವಿದ್ಯಾಲಯದ ಯೋಜನೆ ಮುಂದಿಟ್ರು. 1916ರ ಜೂನ್‌ನಲ್ಲಿ ಅದು ಶುರುವಾಗೇಬಿಡ್ತು. ಅವರಿಗಾಗ 58 ವರ್ಷ.

ಆ 1916 ನಮಗೂ ಗೊತ್ತಿರೋ ವರ್ಷ. ಅದೇ ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾಲಯ ಶುರುವಾಯ್ತು. ಅದರ ಹಿಂದೆ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ, ಒಂದು ಇಡೀ ಸಂಸ್ಥಾನದ ಖಜಾನೆ. ಅದೇ ವರ್ಷ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ವೈಸ್‌ರಾಯ್ ಬಂದು ಅಡಿಗಲ್ಲು ಇಟ್ರು. ಅದಕ್ಕೆ ಕಾಯ್ದೆ ಇತ್ತು, ರಾಜರ ದೇಣಿಗೆ ಇತ್ತು. ಕರ್ವೆ ಹತ್ರ ಕಾಯ್ದೆ ಇಲ್ಲ, ರಾಜ ಇಲ್ಲ, ಅಡಿಗಲ್ಲೂ ಇಲ್ಲ. ಕಾಲೇಜಿಗೆ ಸೇರಿದ್ದು ಐದು ಜನ ಹುಡುಗೀರು. ಐದೇ ಜನ. ನಮ್ಮ ಬಿ.ಕಾಂ. ಕ್ಲಾಸಿನ ಕೊನೇ ಬೆಂಚಲ್ಲಿ ಅದಕ್ಕಿಂತ ಹೆಚ್ಚು ಜನ ಇರ್ತಿದ್ವಿ.

ಆದ್ರೆ ಒಂದು ವಿಷಯ ಗಮನಿಸಿ. ಐದು ವಿದ್ಯಾರ್ಥಿನಿಯರ ಆ ಸಂಸ್ಥೆಗೆ ಕುಲಪತಿಯಾಗಿ ಬಂದವರು ಸಂಸ್ಕೃತ ವಿದ್ವಾಂಸ ಆರ್.ಜಿ. ಭಂಡಾರ್ಕರ್. ಉಪಕುಲಪತಿ ಆರ್.ಪಿ. ಪರಾಂಜಪೆ, ಕೇಂಬ್ರಿಜ್‌ನಲ್ಲಿ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯ. ಕಟ್ಟಡ ಇಲ್ಲದಿದ್ರೂ ಹೆಸರು ಹೇಳೋಕೆ ನಾಚಿಕೆ ಪಡಬೇಕಾಗಿರಲಿಲ್ಲ.

ಪಾಠ ಮಾತೃಭಾಷೆಯಲ್ಲಿ, ಇಂಗ್ಲಿಷ್ ಕಡ್ಡಾಯವಾದರೂ ಎರಡನೇ ಭಾಷೆ. ಗೃಹವಿಜ್ಞಾನ, ಆರೋಗ್ಯಶಾಸ್ತ್ರ ಕಡ್ಡಾಯ. ಗಣಿತ ಬೇಕಾದವರಿಗೆ ಮಾತ್ರ. ಗಣಿತದ ಮೇಷ್ಟ್ರು ಗಣಿತವನ್ನ ಐಚ್ಛಿಕ ಮಾಡಿದ್ದು ನನಗೆ ಇವತ್ತಿಗೂ ಅಷ್ಟು ಒಪ್ಪಿಗೆ ಇಲ್ಲ. ಆಗಲೂ ಆಕ್ಷೇಪ ಬಂತು. ಹೆಣ್ಣುಮಕ್ಕಳಿಗೆ ಕಮ್ಮಿ ದರ್ಜೆಯ ಓದು ಕೊಡ್ತಿದ್ದೀರಿ ಅಂದ್ರು. ಆ ಮಾತಲ್ಲಿ ಹುರುಳಿತ್ತು. ಆದ್ರೆ ಇಂಗ್ಲಿಷ್‌ನಲ್ಲಿ ಬಿ.ಎ. ಓದೋಕೆ ಆಗ ಎಷ್ಟು ಹುಡುಗೀರು ಹೋಗ್ತಿದ್ರು? ಉಳಿದವರಿಗೆ ಯಾವ ಬಾಗಿಲು ತೆರೆದಿತ್ತು? ಕರ್ವೆ ನೋಡಿದ್ದು ಆ ಉಳಿದವರನ್ನ.

ಈಗ ನಾನು ಹೇಳಬೇಕು ಅಂದ್ಕೊಂಡಿದ್ದ ಮುಖ್ಯ ಭಾಗ. ಕರ್ವೆಯ ವಿಶ್ವವಿದ್ಯಾಲಯ ಕೊಟ್ಟ ಪದವಿಯ ಹೆಸರು ಬಿ.ಎ. ಅಲ್ಲ. ಜಿ.ಎ. ಪೂರ್ತಿ ಹೆಸರು 'ಗೃಹೀತಾಗಮಾ', ಅಂದ್ರೆ ವಿದ್ಯೆಯನ್ನ ಗ್ರಹಿಸಿದವಳು. ಎಂ.ಎ. ಮಟ್ಟದ್ದು ಪಿ.ಎ., 'ಪ್ರದೇಯಾಗಮಾ'. ಸರ್ಕಾರದ ಮಾನ್ಯತೆ ಇಲ್ಲ ಅನ್ನೋದನ್ನ ಅವರು ಸಣ್ಣ ಅಕ್ಷರದಲ್ಲಿ ಬಚ್ಚಿಡಲಿಲ್ಲ, ಸರ್ಟಿಫಿಕೇಟಿನ ಹೆಸರಲ್ಲೇ ಅದು ಕಾಣ್ತಿತ್ತು. ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿಗೆ "ಜಿ.ಎ. ಅಂದ್ರೇನಮ್ಮಾ?" ಅಂತ ಕೇಳೋರೇ ಇರ್ತಿದ್ರು. ಒಂದೆರಡು ವರ್ಷ ಅಲ್ಲ, 35 ವರ್ಷ ಅವರು ಆ ಪ್ರಶ್ನೆಗೆ ಉತ್ತರ ಕೊಟ್ಕೊಂಡೇ ಬದುಕಿದ್ರು.

ಹಣದ ಲೆಕ್ಕಕ್ಕೆ ಬರೋಣ, ಕಾಮರ್ಸ್ ಓದಿದ ಮೇಲೆ ಬಿಡೋಕಾಗಲ್ಲ. ಸರ್ಕಾರದ ಅನುದಾನ ಇಲ್ಲ, ಐದು ಜನರ ಫೀಸಲ್ಲಿ ಏನೂ ಆಗಲ್ಲ. ಕರ್ವೆ ಊರೂರು ಸುತ್ತಿ ಚಿಕ್ಕ ಚಿಕ್ಕ ವಂತಿಗೆ ಎತ್ತಿದ್ರು. ಇದೇ ದಾರಿಯಲ್ಲಿ ಮೊದಲೇ ನಡೆದಿದ್ದವರು ಅವರ ನಾದಿನಿ ಪಾರ್ವತಿಬಾಯಿ ಆಠವಲೆ. ಅವರೂ ವಿಧವೆ, ಆಶ್ರಮಕ್ಕೆ ಹಣ ಎತ್ತೋದರಲ್ಲಿ ಪಳಗಿದವರು. ಇಂಗ್ಲಿಷ್ ಬಂದ್ರೆ ಇನ್ನೂ ಹೆಚ್ಚು ಹಣ ಎತ್ತಬಹುದು ಅಂತ 1918ರಲ್ಲಿ, ಐವತ್ತರ ಹತ್ತಿರದ ವಯಸ್ಸಲ್ಲಿ, ಒಬ್ಬರೇ ಅಮೆರಿಕಕ್ಕೆ ಹೋದ್ರು. ಅಲ್ಲಿ ಹೊಟ್ಟೆಪಾಡಿಗೆ ಮನೆಗೆಲಸ ಮಾಡಿದ್ರು. ಇವರ ಮೇಲೆ ಬೇರೆಯೇ ಎಪಿಸೋಡ್ ಮಾಡಬೇಕು, ಮಾಡ್ತೀನಿ.

1920ರಲ್ಲಿ ಮುಂಬೈನ ಗಿರಣಿ ಮಾಲೀಕ ಸರ್ ವಿಠ್ಠಲದಾಸ ಠಾಕರ್ಸಿ 15 ಲಕ್ಷ ರೂಪಾಯಿ ಘೋಷಿಸಿದ್ರು. ಆ ಕಾಲದ 15 ಲಕ್ಷ! ಆದ್ರೆ ಕಂತೆ ಕಟ್ಟಿ ಕೈಗೆ ಕೊಡಲಿಲ್ಲ. ಶೇಕಡಾ ಮೂರೂವರೆ ಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ 52,500 ರೂಪಾಯಿ ಬರೋ ಏರ್ಪಾಡು. ಜೊತೆಗೆ ಅವರ ತಾಯಿಯ ಹೆಸರು ಇಡಬೇಕು. ಹಾಗೆ ಅದು ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ ಮಹಿಳಾ ವಿಶ್ವವಿದ್ಯಾಲಯ ಆಯ್ತು. ಮುಂಬೈನಲ್ಲಿ ಚರ್ಚ್‌ಗೇಟ್ ಕಡೆ ಓಡಾಡಿದವರು ಎಸ್ಎನ್‌ಡಿಟಿ ಅನ್ನೋ ಬೋರ್ಡ್ ನೋಡಿರ್ತೀರಿ, ಅದೇ ಇದು. 1936ರಲ್ಲಿ ಪ್ರಧಾನ ಕಚೇರಿ ಪುಣೆಯಿಂದ ಮುಂಬೈಗೆ ಹೋಯ್ತು. 'ಯುಗಾಂತ' ಬರೆದ ಇರಾವತಿ ಕರ್ವೆ ಗೊತ್ತಲ್ಲ? ಅವರು ಈ ಕರ್ವೆಯ ಸೊಸೆ. 1930ರ ದಶಕದಲ್ಲಿ ಇಲ್ಲಿ ರಿಜಿಸ್ಟ್ರಾರ್ ಆಗಿದ್ರು.

ಇಷ್ಟಾದ್ರೂ ಕರ್ವೆ ಸುಮ್ನೆ ಕೂರಲಿಲ್ಲ. 1929ರಲ್ಲಿ, 70 ದಾಟಿದ ಮೇಲೆ, ಯೂರೋಪ್, ಅಮೆರಿಕ, ಜಪಾನ್ ಸುತ್ತಿ ತಮ್ಮ ವಿಶ್ವವಿದ್ಯಾಲಯದ ಬಗ್ಗೆ ಮಾತಾಡಿದ್ರು. ಟೋಕಿಯೋದ ಆ ಮಹಿಳಾ ವಿಶ್ವವಿದ್ಯಾಲಯವನ್ನೂ ಕಣ್ಣಾರೆ ನೋಡಿ ಬಂದ್ರು. ಆಮೇಲೆ ಆಫ್ರಿಕಾಕ್ಕೂ ಹೋದ್ರು.

ಸರ್ಕಾರ ಕಾಯ್ದೆ ಮಾಡಿ, ಪೂರ್ಣ ಮಾನ್ಯತೆ ಸಿಕ್ಕಿದ್ದು 1951ರಲ್ಲಿ. ಕರ್ವೆಗೆ ಆಗ 93. 1957ರಲ್ಲಿ ಮುಂಬೈ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತು. 1958ರಲ್ಲಿ ಭಾರತರತ್ನ, ಅದೇ ವರ್ಷ ಅಂಚೆಚೀಟಿ. ಬದುಕಿದ್ದಾಗಲೇ ಭಾರತದ ಅಂಚೆಚೀಟಿ ಮೇಲೆ ಬಂದ ಮೊದಲ ಭಾರತೀಯ ಅವರೇ. 1962ರಲ್ಲಿ, 104ನೇ ವಯಸ್ಸಲ್ಲಿ ತೀರಿಕೊಂಡ್ರು.

ಹಾಗಾದ್ರೆ ಯುಜಿಸಿ ಪಟ್ಟಿ ಬೇಡವಾ? ಬೇಕೇ ಬೇಕು. ಛತ್ತೀಸಗಢದಲ್ಲಿ 2002ರ ಒಂದು ಕಾಯ್ದೆಯ ಕೆಳಗೆ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳು ಹುಟ್ಟಿದ್ವು. ಹೆಚ್ಚಿನವಕ್ಕೆ ಕಟ್ಟಡವೂ ಇರಲಿಲ್ಲ, ಕ್ಲಾಸ್‌ರೂಮೂ ಇರಲಿಲ್ಲ. ವಿಜ್ಞಾನಿ ಪ್ರೊ. ಯಶ್‌ಪಾಲ್ ಸುಪ್ರೀಂ ಕೋರ್ಟಿಗೆ ಹೋದ್ರು. 2005ರಲ್ಲಿ ಕೋರ್ಟ್ ಅಷ್ಟನ್ನೂ ರದ್ದು ಮಾಡ್ತು, ಓದ್ತಿದ್ದ ಮಕ್ಕಳಿಗೆ ಬೇರೆ ವ್ಯವಸ್ಥೆ ಮಾಡಿ ಅಂತ ಸರ್ಕಾರಕ್ಕೆ ಹೇಳ್ತು. ಗಮನಿಸಿ, ಅವಕ್ಕೆಲ್ಲ ಸರ್ಕಾರದ ಕಾಗದ ಇತ್ತು! ಕರ್ವೆ ಹತ್ರ ಕಾಗದ ಇರಲಿಲ್ಲ, ಆದ್ರೆ ಐದು ಜನ ಹುಡುಗೀರಿಗೆ ಪಾಠ ನಡೀತಿತ್ತು.

ಚಿಕ್ಕಪ್ಪನಿಗೆ ಇಷ್ಟೆಲ್ಲ ಹೇಳೋಕಾಗಲ್ಲ. "ಪಟ್ಟಿಯಲ್ಲಿ ಹೆಸರೈತಿ ಚಿಕ್ಕಪ್ಪ, ಆದ್ರ ಹಣ ಕಟ್ಟೂ ಮೊದಲು ಆಕೀನ ಕರ್ಕೊಂಡು ಹೋಗಿ ನೋಡ್ಕೊಂಡು ಬರ‍್ರಿ" ಅಂದೆ. ತಂಗಿಗೆ ಮೂರು ಪ್ರಶ್ನೆ ಬರೆದು ಕಳಿಸಿದೆ: ಮೊದಲ ಬ್ಯಾಚಿಗೆ ಎಷ್ಟು ಜನ ಸೇರಿದ್ರು, ಅದರಲ್ಲಿ ಎಷ್ಟು ಜನ ಮುಗಿಸಿದ್ರು, ನಿನ್ನ ಕೋರ್ಸಿಗೆ ಕಾಯಂ ಅಧ್ಯಾಪಕರು ಎಷ್ಟು.

ಹೋಗಿ ಬಂದ್ರು. ಸ್ವಿಮ್ಮಿಂಗ್ ಪೂಲ್ ತೋರಿಸಿದ್ರಂತೆ, ಜ್ಯೂಸ್ ಕೊಟ್ರಂತೆ. ಮೂರು ಪ್ರಶ್ನೆಗೆ ಕೌನ್ಸೆಲರ್ "ಮೇಲ್ ಮಾಡ್ತೀವಿ" ಅಂದ್ರಂತೆ. ಇವತ್ತಿಗೆ 19 ದಿನ ಆಯ್ತು, ಮೇಲ್ ಬಂದಿಲ್ಲ. ಚಿಕ್ಕಪ್ಪ ಹೊಲದ ಪತ್ರವನ್ನ ವಾಪಸ್ ಟ್ರಂಕಿಗೆ ಹಾಕಿದ್ದಾರೆ. ತಂಗಿ ಮೊನ್ನೆ ಹಾವೇರಿಯ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಅರ್ಜಿ ತಂದಿದ್ದಾಳೆ. ಆದ್ರೆ ಮನಸ್ಸು ಇನ್ನೂ ಅಲ್ಲೇ ಇದೆ. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ಲು: "ಅಕ್ಕಾ, ಇನ್ನೊಂದ್ಸಲ ಮೇಲ್ ಮಾಡಿ ಕೇಳ್ಲಾ?"

ಕೇಳು ಅಂದಿದ್ದೀನಿ.