ಬೀಜ ಕೇಳುವುದಕ್ಕೆ ನಾಚಿಕೆ ಬೇಡ

(ವರವು ಕಾವಲ್ ಬದಿಯಲ್ಲಿ ನಡೆದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೆಲೆ, ಸಾಲ ಇವುಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಇವತ್ತು ನಾನು ಒಂದು ಹಿಡಿ ತರಕಾರಿ ಬೀಜದ ವಿಷಯ ಎತ್ತುತ್ತೇನೆ. ಇದು ಹೆಂಗಸರ ವಿಷಯ ಅಂತ ಗಂಡಸರು ಎದ್ದು ಹೋಗಬೇಡಿ. ಸಾಲ ನಮ್ಮ ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು.

ನನ್ನ ಕಿರಿ ಸೊಸೆ ಪಟ್ಟಣದಲ್ಲಿ ಬೆಳೆದ ಹುಡುಗಿ. ಹೋದ ವರ್ಷ "ಮಾವ, ಹಿತ್ತಲಲ್ಲಿ ನಾಲ್ಕು ಮಡಿ ತರಕಾರಿ ಹಾಕ್ತೀನಿ" ಅಂದಳು. ನಾನು ಪೇಟೆಗೆ ಹೋದವನು 180 ರೂಪಾಯಿ ಕೊಟ್ಟು ಬಣ್ಣದ ಪೊಟ್ಟಣ ತಂದೆ. ಬೆಳೆ ಚೆನ್ನಾಗೇ ಬಂತು, ಸುಳ್ಳು ಯಾಕೆ ಹೇಳಲಿ. ಅವಳು ಬದನೆಕಾಯಿ ಹಣ್ಣು ಮಾಡಿ, ಬೀಜ ತೆಗೆದು, ಬೂದಿ ಹಾಕಿ ಇಟ್ಟಳು. ಈ ಮುಂಗಾರಿಗೆ ಬಿತ್ತಿದರೆ ಒಂದು ಗಿಡದ ಹಾಗೆ ಇನ್ನೊಂದಿಲ್ಲ. ಒಂದರ ಕಾಯಿ ಉದ್ದ, ಒಂದರದ್ದು ಗುಂಡು, ಕೆಲವು ಬರೀ ಎಲೆ. "ನನ್ನ ಕೈಗುಣವೇ ಸರಿಯಿಲ್ಲ ಮಾವ" ಅಂತ ಸುಮ್ಮನಾದಳು.

ತಪ್ಪು ಅವಳ ಕೈಯದಲ್ಲ. ಹೈಬ್ರಿಡ್ ಅಂದರೆ ಎರಡು ತಳಿ ಕೂಡಿಸಿದ ಬೀಜ. ಅದರ ಮಕ್ಕಳಲ್ಲಿ ಗುಣ ಒಡೆದು ಚೆಲ್ಲಾಪಿಲ್ಲಿ ಆಗುತ್ತದೆ. ಪೊಟ್ಟಣದ ಮೇಲೆ ಹೈಬ್ರಿಡ್ ಅಂತ ಬರೆದೇ ಇತ್ತು, ಓದದೆ ತಂದವನು ನಾನು.

ನಮ್ಮ ಅವ್ವ ಗೋಡೆಗೆ ಸಗಣಿಯಲ್ಲಿ ಕುಂಬಳದ ಬೀಜ ತಟ್ಟಿಡುತ್ತಿದ್ದಳು. ಒಲೆಯ ಮೇಲೆ ಹೊಗೆಯಲ್ಲಿ ಹೀರೆಕಾಯಿ ತೂಗುತ್ತಿತ್ತು. ಅವ್ವ ಹೋದ ಮೇಲೆ ನಾನು ಬೋರು ಕೊರೆಸಿದೆ, ಈರುಳ್ಳಿ ಹಾಕಿದೆ, ಹಳೇ ಗೋಡೆ ಕೆಡವಿ ಸಿಮೆಂಟು ಮೆತ್ತಿಸಿದೆ. ಬೀಜದ ವಂಶ ನನ್ನ ಕೈಯಲ್ಲೇ ಹೋಯಿತು. ಕಂಪನಿಯನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಆಮೇಲೆ ಸೊಸೆಯನ್ನು ಕರಕೊಂಡು ಸುತ್ತಲ ಹಳ್ಳಿ ತಿರುಗಿದೆ. ಗಂಡಸರನ್ನು ಕೇಳಿದರೆ "ಎಲ್ಲಿದೆ ಅಣ್ಣ, ಎಲ್ಲಾ ಅಂಗಡೀದೇ" ಅಂದರು. ಅಜ್ಜಿಯರನ್ನು ಕೇಳಿದಾಗ ಮಡಕೆಗಳು ಹೊರಗೆ ಬಂದವು. ಒಂದು ಮನೆಯಲ್ಲಿ ಚಪ್ಪರದವರೆ, ಇನ್ನೊಂದರಲ್ಲಿ ಮುಳ್ಳು ಬದನೆ. ಕಡ್ಲೆಕಾಯಿ ಹೊಲದ ಅಕ್ಕಡಿ ಸಾಲಿನಲ್ಲಿ ಅಲಸಂದೆ. ಸಂತೆಯಲ್ಲಿ ನೆಲದ ಮೇಲೆ ಸಣ್ಣ ಗುಡ್ಡೆ ಹಾಕಿ ಕೂತ ತಾಯಿಯ ಹತ್ತಿರ ಹುಳಿ ಟೊಮೇಟೊ. ಯಾರೂ ದುಡ್ಡು ಮುಟ್ಟಲಿಲ್ಲ. "ಬೆಳೆದ ಮೇಲೆ ಒಂದು ಹಿಡಿ ವಾಪಸ್ ಕೊಡಪ್ಪ" ಅಂದರು. ಬದನೆ ಬೀಜ ಕೊಟ್ಟ ಅಜ್ಜಿ "ಹತ್ತು ವರ್ಷದಿಂದ ಯಾರೂ ಕೇಳಿಲ್ಲ ಕಣಪ್ಪ" ಅಂದಳು.

ಮನೆಗೆ ತಂದು ಒದ್ದೆ ಬಟ್ಟೆಯಲ್ಲಿ ಹತ್ತತ್ತು ಬೀಜ ಕಟ್ಟಿ ನೋಡಿದೆವು. ಅಲಸಂದೆ ಒಂಬತ್ತು ಮೊಳೆಯಿತು, ಅವರೆ ಆರು. ಬದನೆ ಎರಡೇ ಎರಡು. ಮಿಕ್ಕ ಬದನೆ ಬೀಜವನ್ನೆಲ್ಲ ಒಟ್ಲು ಹಾಕಿದರೆ ಉಳಿದದ್ದು ಒಂದು ಗಿಡ. ಈಗ ಅದು ಹೂ ಬಿಟ್ಟಿದೆ. ಸೊಸೆ ಅದಕ್ಕೆ ಬೇಲಿ ಕಟ್ಟಿ ಕಾಯುತ್ತಿದ್ದಾಳೆ. ಇನ್ನೆರಡು ವರ್ಷ ತಡವಾಗಿದ್ದರೆ ಆ ತಳಿಯೇ ಇಲ್ಲ.

ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ಅವರೆ, ಅಲಸಂದೆ, ಟೊಮೇಟೊ ತಮ್ಮ ಹೂವಿನಲ್ಲೇ ಕಾಯಿ ಕಟ್ಟುವುದು ಹೆಚ್ಚು, ತಳಿ ಕೆಡುವುದು ಕಡಿಮೆ. ಮೊದಲು ಇವನ್ನೇ ಹಿಡಿಯಿರಿ. ಬದನೆ, ಮೆಣಸಿನಕಾಯಿಯಲ್ಲಿ ಎರಡು ತಳಿ ಹತ್ತಿರ ಹತ್ತಿರ ಬೇಡ. ಕುಂಬಳ, ಹೀರೆ, ಸೋರೆಗೆ ಜೇನುಹುಳ ಮತ್ತು ಬೇರೆ ಹುಳ ಬೇರೆ ತಳಿಯ ಪರಾಗ ತರುತ್ತವೆ. ಹೆಣ್ಣು ಮೊಗ್ಗು, ಗಂಡು ಮೊಗ್ಗು ಎರಡನ್ನೂ ಅರಳುವ ಮೊದಲೇ ದಾರದಿಂದ ಕಟ್ಟಿ. ಅರಳುವ ಹೊತ್ತಿಗೆ ಬಿಚ್ಚಿ, ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ ಗುರುತು ಮಾಡಿ. ಕುಂಬಳ ಬೆಳಿಗ್ಗೆ ಅರಳುತ್ತದೆ, ಹೀರೆ ಸೋರೆ ಸಂಜೆ. ಬೀಜಕ್ಕೆ ಒಳ್ಳೇ ಗಿಡದ ಒಳ್ಳೇ ಕಾಯಿ ಬಿಡಿ. ತಿಂದು ಉಳಿದ ಕಡೇ ಕಾಯಿ ಬಿಡುವುದು ನಮ್ಮ ಕೆಟ್ಟ ಚಾಳಿ.

ಹೈಬ್ರಿಡ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾರುಕಟ್ಟೆಗೆ ಬೆಳೆಯುವವನು ಲೆಕ್ಕ ಹಾಕಿ ಬೆಳೆಯಲಿ. ಆದರೆ ಮನೆ ಸಾರಿನ ತರಕಾರಿಗೂ ವರ್ಷ ವರ್ಷ ಬೀಜ ಕೊಂಡರೆ ನಾವು ರೈತರೋ, ಗಿರಾಕಿಗಳೋ?

1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿಯ ಬೀಜ ಘಟಕಕ್ಕೆ ರೈತಸಂಘದವರು ನುಗ್ಗಿದ್ದು ಈ ಪ್ರಶ್ನೆ ಇಟ್ಟುಕೊಂಡೇ. 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ಕೇಂದ್ರ ಸರ್ಕಾರ ತಡೆ ಹಾಕಿದ್ದೂ ಜನ ಮಾತಾಡಿದ್ದರಿಂದ. ಉಡುಪಿಯ ಮಟ್ಟುಗುಳ್ಳ ಊರಿನವರು ಬಿಡದೆ ಬೆಳೆದ ಬದನೆ, ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ನಮಗೆ ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಹಕ್ಕು ಕಾಗದದಲ್ಲಿದೆ. ಮಡಕೆಯಲ್ಲಿ ಬೀಜವೇ ಇಲ್ಲದಿದ್ದರೆ ಅದನ್ನು ತಗೊಂಡು ಏನು ಮಾಡೋಣ?

ಈ ವರವು ಕಾವಲ್ ನಮ್ಮ ದನ ಕುರಿ ಮೇಯುತ್ತಿದ್ದ ನೆಲ. ರಕ್ಷಣಾ ಸಂಶೋಧನೆಯ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಇಲ್ಲಿ ಉದ್ಘಾಟನೆಯಾಯಿತು. ಈಗ ನಾವು ಬೇಲಿಯ ಈಚೆ ನಿಂತು ನೋಡುತ್ತೇವೆ. ನೆಲ ಹೋಗುವಾಗ ಕೂಗಾಡಿದೆವು. ಬೀಜ ಹೋಗುವಾಗ ಸದ್ದೇ ಇಲ್ಲ, ಒಬ್ಬೊಬ್ಬ ಅಜ್ಜಿ ಹೋದಾಗಲೂ ಒಂದೊಂದು ತಳಿ ಹೋಗುತ್ತಿದೆ.

ಮುಂದಿನ ಸಭೆಗೆ ಬರಿಗೈಲಿ ಬರಬೇಡಿ. ಒಂದು ಹಿಡಿ ಬೀಜ ಕಟ್ಟಿಕೊಂಡು ಬನ್ನಿ. ಚೀಟಿಯಲ್ಲಿ ತಳಿಯ ಹೆಸರು, ಊರು, ಕೊಟ್ಟ ತಾಯಿಯ ಹೆಸರು ಬರೆಯಿರಿ. ಹೊಸದಾಗಿ ಹಿತ್ತಲು ಮಾಡುವ ಹುಡುಗ ಹುಡುಗಿಯರಿಗೆ ಮೊದಲು ಕೊಡೋಣ. ನನ್ನ ಸೊಸೆ ಅಲಸಂದೆ ತರುತ್ತಾಳೆ. ಬದನೆ ಮಾತ್ರ ಈ ವರ್ಷ ಕೇಳಬೇಡಿ, ಮೊದಲ ಹಿಡಿ ಆ ಅಜ್ಜಿಯ ಮಡಕೆಗೆ ವಾಪಸ್ ಹೋಗಬೇಕು.